ಗಡಿಬಿಡಿಯ ದಿನಕ್ಕೆ ಯಾವ ಜಪಮಾಲೆ? ತುಳಸಿ, ರುದ್ರಾಕ್ಷಿ, ಸ್ಫಟಿಕ, ಕೌಂಟರ್‌ಗಳ ವಿಮರ್ಶೆ

ಜಪಮಾಲೆ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಬರುವುದು ಮಣಿಯ ಮಹಿಮೆ. ಇದು ಸಾಲ ತೀರಿಸುತ್ತದೆ, ಅದು ಶನಿಕಾಟ ಕಳೆಯುತ್ತದೆ, ಇನ್ನೊಂದು ಮಕ್ಕಳ ಓದಿಗೆ ಒಳ್ಳೆಯದು. ದಾರ ಎಂಥದು, ಗಂಟು ಹಾಕಿದ್ದಾರೋ ಇಲ್ಲವೋ, ಮಣಿಯ ತೂತು ನುಣುಪಾಗಿದೆಯೋ ಎಂಬುದನ್ನು ಹೇಳುವವರು ಕಡಿಮೆ. ದಿನವೂ ಮಾಲೆ ತಿರುಗಿಸುವವರಿಗೆ ಬೇಕಾಗುವುದು ಇವೇ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಟ್ರಾಫಿಕ್‌ನಲ್ಲಿ ಕೂತು ಆಫೀಸು ಮುಟ್ಟುವವರಿಗೆ ಯಾವ ಮಾಲೆ ಕೈಗೆ ಒಗ್ಗುತ್ತದೆ, ಯಾವುದು ಮೂರು ತಿಂಗಳಲ್ಲಿ ದೇವರ ಕೋಣೆಯ ಮೂಲೆ ಸೇರುತ್ತದೆ ಎಂಬ ಕಡೆಯಿಂದ ನೋಡಿ ಬರೆದ ವಿಮರ್ಶೆ ಇದು.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ಕೂತು ಮಾಡುವ ಜಪಕ್ಕೆ 8 ಮಿ.ಮೀ. ತುಳಸಿ ಅಥವಾ ಅಷ್ಟೇ ಗಾತ್ರದ ಪಂಚಮುಖಿ ರುದ್ರಾಕ್ಷಿ. 108 ಮಣಿ, ಮಣಿ ಮಣಿಯ ನಡುವೆ ಗಂಟು, ಹತ್ತಿ ಅಥವಾ ರೇಷ್ಮೆ ದಾರ. ಹೊರಗೆ ಓಡಾಡುವಾಗ ಜೇಬಿಗೆ 27 ಮಣಿಯ ಚಿಕ್ಕ ಮಾಲೆ. ಎರಡೂ ಸೇರಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಸ್ಫಟಿಕ, ಶ್ರೀಗಂಧ ಇಷ್ಟವಿದ್ದವರಿಗೆ ಸರಿ, ಅಗತ್ಯವಿಲ್ಲ. ಬೆರಳಿನ ಡಿಜಿಟಲ್ ಕೌಂಟರ್ ಕೆಲವರಿಗೆ ಮಾತ್ರ. ಫೋನಿನ ಆ್ಯಪ್ ಬೇಡವೇ ಬೇಡ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಮಾಲೆಯ ಕೆಲಸ ಒಂದೇ: ಎಣಿಕೆಯ ಹೊರೆಯನ್ನು ಮನಸ್ಸಿನಿಂದ ಇಳಿಸಿ ಬೆರಳಿಗೆ ಕೊಡುವುದು. ಎಷ್ಟಾಯಿತು, ಎಷ್ಟು ಉಳಿಯಿತು, ಎಷ್ಟು ಹೊತ್ತಿಗೆ ಮುಗಿದೀತು ಎಂದು ದಿನವಿಡೀ ಲೆಕ್ಕ ಹಾಕುವ ಮನಸ್ಸಿಗೆ ಐದು ನಿಮಿಷವಾದರೂ ಆ ಕೆಲಸದಿಂದ ಬಿಡುವು ಸಿಗಬೇಕು. ಬೆರಳು ಎಣಿಸುತ್ತಿದೆ ಎಂಬ ಭರವಸೆ ಬಂದ ಮೇಲೆ ಬಾಯಿಗೂ ಮನಸ್ಸಿಗೂ ದೇವರ ಹೆಸರು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಈ ಭರವಸೆಯನ್ನು ಯಾವ ಮಾಲೆ ಕೊಡುತ್ತದೋ ಅದು ಒಳ್ಳೆಯ ಮಾಲೆ. ಯಾವುದು ಜಾರಿ, ಸಿಕ್ಕಿ, ಸದ್ದು ಮಾಡಿ, ಅಂಕಿ ತೋರಿಸಿ ಮನಸ್ಸನ್ನು ಮತ್ತೆ ಲೆಕ್ಕಕ್ಕೆ ಎಳೆಯುತ್ತದೋ ಅದಕ್ಕೆ ಎಷ್ಟೇ ಬೆಲೆಯಿದ್ದರೂ ಕೆಲಸಕ್ಕೆ ಬಾರದು.

ಗಂಟು, ದಾರ, ಗಾತ್ರ

ಮಣಿಗಿಂತ ಮೊದಲು ಗಂಟು ನೋಡಿ. ಮಾಲೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಒಂದು ಮಣಿಗೂ ಮುಂದಿನದಕ್ಕೂ ನಡುವೆ ಪುಟ್ಟ ಗಂಟು ಕಾಣಬೇಕು. ಎರಡು ಗಂಟುಗಳ ನಡುವೆ ಮಣಿ ಕೂದಲೆಳೆಯಷ್ಟು ಆಡಬೇಕು. ಗಂಟಿಲ್ಲದ ಮಾಲೆಯಲ್ಲಿ ಹೆಬ್ಬೆರಳು ಒಂದು ಮಣಿಯನ್ನು ಎಳೆಯುವಾಗ ಪಕ್ಕದ್ದೂ ಜಾರಿ ಬರುತ್ತದೆ. ಎರಡು ಮಣಿ ಒಟ್ಟಿಗೆ ಸರಿದವೇನೋ ಎಂಬ ಅನುಮಾನ ಬಂದ ಕ್ಷಣವೇ ಮನಸ್ಸು ಹೆಸರನ್ನು ಬಿಟ್ಟು ಎಣಿಕೆಗೆ ಹೋಗಿರುತ್ತದೆ. ಮಣಿಗೆ ಮಣಿ ತಾಗಿ ಸದ್ದೂ ಆಗುತ್ತದೆ, ತೂತಿನ ಅಂಚೂ ಸವೆಯುತ್ತದೆ. ದಾರ ಕಡಿದಾಗ ಗಂಟಿರುವ ಮಾಲೆಯಿಂದ ಒಂದೆರಡು ಮಣಿ ಉದುರಿದರೆ, ಗಂಟಿಲ್ಲದ್ದರಿಂದ ಬಸ್ಸಿನ ನೆಲದ ಮೇಲೆ ನೂರೆಂಟೂ ಚೆಲ್ಲುತ್ತವೆ.

ಗಂಟು ಅತಿ ಬಿಗಿಯಾದರೂ ಕಷ್ಟ. ನಡುಬೆರಳ ಮೇಲೆ ಮಾಲೆ ಹಾಕಿ ಬಿಟ್ಟರೆ ಎರಡೂ ಬದಿ ನೇರವಾಗಿ ಕೆಳಗಿಳಿಯಬೇಕು. ಬೆರಳಿನ ಮೇಲೆ ಬಾಗದೆ ಸೆಟೆದು ನಿಂತರೆ ಹೆಬ್ಬೆರಳಿಗೆ ಪ್ರತಿ ಮಣಿಯನ್ನೂ ತಳ್ಳುವ ಶ್ರಮ. ಎರಡು ಮಾಲೆ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ನೋಯುತ್ತದೆ.

ದಾರದಲ್ಲಿ ಹತ್ತಿ ಗಂಟನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ಬೆವರು ಕುಡಿದು ಕಪ್ಪಾಗುತ್ತದೆ. ದಿನವೂ ಬಳಸಿದರೆ ವರ್ಷಕ್ಕೊಮ್ಮೆ ಹೊಸದಾಗಿ ಪೋಣಿಸಬೇಕು. ರೇಷ್ಮೆ ತೆಳು, ಗಟ್ಟಿ, ಕೊಂಚ ದುಬಾರಿ. ತೂತು ಸಣ್ಣದಿರುವ ಮಣಿಗೆ ಇದೇ ಸರಿ. ನೈಲಾನ್ ಬೇಗ ಕಡಿಯುವುದಿಲ್ಲ, ಆದರೆ ಜಾರುತ್ತದೆ, ಗಂಟು ತಾನಾಗಿ ಸಡಿಲವಾಗುತ್ತದೆ. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಅಂಟಿಸಿದ್ದರೆ ಆ ಗಟ್ಟಿ ತುದಿ ಬೆರಳಿಗೆ ಚುಚ್ಚುತ್ತದೆ. ಎಲಾಸ್ಟಿಕ್ ದಾರದ ಮಾಲೆಯನ್ನು ಜಪಕ್ಕೆಂದು ಕೊಳ್ಳಲೇಬೇಡಿ. ಅದು ಕೈಗೆ ಹಾಕುವ ಬಳೆಗೆ ಸರಿ. ಎಳೆದೆಳೆದು ಹಿಗ್ಗಿ ಒಂದು ದಿನ ಮುನ್ಸೂಚನೆಯಿಲ್ಲದೆ ಹರಿಯುತ್ತದೆ.

ಗಾತ್ರದ ಲೆಕ್ಕವನ್ನು ಬಹಳ ಜನ ಮಾಡುವುದಿಲ್ಲ. 8 ಮಿ.ಮೀ. ಮಣಿ 108, ನಡುವೆ ಸುಮಾರು 2 ಮಿ.ಮೀ. ಗಂಟು ಎಂದರೆ ಮಾಲೆಯ ಸುತ್ತಳತೆ 108 ಸೆಂ.ಮೀ. ಆಸುಪಾಸು, ಬೆರಳಿಗೆ ಹಾಕಿದಾಗ ಅರ್ಧದಷ್ಟು, 54 ಸೆಂ.ಮೀ., ಕೆಳಗೆ ಇಳಿಬೀಳುತ್ತದೆ. 10 ಮಿ.ಮೀ. ಮಣಿಯಾದರೆ 65 ಸೆಂ.ಮೀ. ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಕೂತವರ ಎದೆಯ ಮಟ್ಟದಿಂದ ಇಷ್ಟು ಉದ್ದದ ಮಾಲೆ ನೆಲ ಮುಟ್ಟುತ್ತದೆ. ಮಾಲೆ ನೆಲಕ್ಕೆ ತಾಗಬಾರದೆಂಬುದು ಪದ್ಧತಿ. ತಾಗಿದರೆ ಸಿಕ್ಕೂ ಬೀಳುತ್ತದೆ. ಉಪಾಯ ಎರಡು: ಮಾಲೆ ಹಿಡಿದ ಕೈಯನ್ನು ಒಳಗಿಟ್ಟುಕೊಂಡು ಜಪ ಮಾಡುವ ಗೋಮುಖಿ ಚೀಲ, ಇಲ್ಲವೇ ಕೆಳಭಾಗವನ್ನು ಎಡಗೈ ಬೊಗಸೆಯಲ್ಲಿ ಸೇರಿಸಿಟ್ಟುಕೊಳ್ಳುವುದು. 6 ಮಿ.ಮೀ. ಮಾಲೆ ಸುಮಾರು 40 ಸೆಂ.ಮೀ. ಇಳಿಯುತ್ತದೆ, ಜೇಬಿನಲ್ಲೂ ಕೂರುತ್ತದೆ, ಆದರೆ ದಪ್ಪ ಬೆರಳಿನವರಿಗೆ, ವಯಸ್ಸಾದವರಿಗೆ ಒಂದೊಂದೇ ಮಣಿ ಸಿಗುವುದು ಕಷ್ಟ. ಕೀಲು ನೋವಿರುವ ಹಿರಿಯರಿಗೆ 10 ಮಿ.ಮೀ. ಮಣಿ, ದಪ್ಪ ಗಂಟಿನದೇ ಹಿತ.

ಕೊಂಡ ದಿನವೇ ಮಣಿ ಎಣಿಸಿ. ಸುತ್ತು ಶುರುವಾಗಿ ಮುಗಿಯುವ ಗುರುತಿನ ಮಣಿಯಾದ ಸುಮೇರು ಬಿಟ್ಟು 108 ಇರಬೇಕು, ಸುಮೇರು ಸೇರಿ 109. ಅಗ್ಗದ ಮಾಲೆಗಳಲ್ಲಿ ಒಂದೆರಡು ಮಣಿ ಹೆಚ್ಚುಕಡಿಮೆ ಇರುವುದುಂಟು. ಸುಮೇರು ಉಳಿದ ಮಣಿಗಳಿಗಿಂತ ದೊಡ್ಡದಾಗಿರಬೇಕು ಅಥವಾ ಕುಚ್ಚು ಕಟ್ಟಿರಬೇಕು. ಕಣ್ಣು ಮುಚ್ಚಿದ್ದಾಗಲೂ ಹೆಬ್ಬೆರಳಿಗೆ ಗೊತ್ತಾಗದಿದ್ದರೆ ಅದು ಸುಮೇರುವಾಗಿ ಕೆಲಸ ಮಾಡುವುದಿಲ್ಲ.

ತುಳಸಿ

ವಿಷ್ಣುಭಕ್ತರ ಮನೆಗಳಲ್ಲಿ ರಾಮ, ಕೃಷ್ಣ, ನರಸಿಂಹ, ವಿಠ್ಠಲನ ನಾಮಕ್ಕೆ ತುಳಸಿ ಮಾಲೆ. ಒಣಗಿದ ತುಳಸಿ ಗಿಡದ ಕಾಂಡವನ್ನು ಕಡೆದು ಮಾಡಿದ ಮಣಿ ಇದು. ಬಹಳ ಹಗುರ: 8 ಮಿ.ಮೀ. ಮಣಿಯ 108ರ ಮಾಲೆ 20 ಗ್ರಾಂ ಸುತ್ತಮುತ್ತ ತೂಗುತ್ತದೆ. ಗಂಟೆಗಟ್ಟಲೆ ಹಿಡಿದರೂ ಕೈ ಸೋಲದು. ಗಡಿಬಿಡಿಯ ಬದುಕಿಗೆ ಇದು ದೊಡ್ಡ ಗುಣ. ಬೇಸಿಗೆಯಲ್ಲಿ ಕೈ ಬೆವರಿದರೂ ಮರ ಬೆರಳಿಗೆ ಅಂಟುವುದಿಲ್ಲ.

ದೋಷವೆಂದರೆ ತುಳಸಿ ಮೆದು ಮರ. ತೂತು ಕೊರೆಯುವಾಗ ಅಂಚಿನಲ್ಲಿ ಸಿಬಿರು ಏಳುತ್ತದೆ, ಆ ಸಿಬಿರೇ ದಾರವನ್ನು ಕೊಯ್ಯುತ್ತದೆ. ಅಂಗಡಿಯಲ್ಲಿ ನಾಲ್ಕೈದು ಮಣಿಗಳ ತೂತಿನ ಬಳಿ ಉಗುರಿನ ತುದಿ ಆಡಿಸಿ ನೋಡಿ. ತರಕಲು ಸಿಕ್ಕಿದರೆ ಬೇರೆ ಮಾಲೆ ಕೇಳಿ. ಒಳ್ಳೆಯ ತುಳಸಿ ಮಣಿಯ ಬಣ್ಣ ತಿಳಿ ಕಂದಿನಿಂದ ಹಳದಿಯವರೆಗೆ ಒಂದೊಂದು ಒಂದೊಂದು ಛಾಯೆಯಲ್ಲಿರುತ್ತದೆ, ಎಳೆಗಳು ಕಾಣುತ್ತವೆ. ಎಲ್ಲವೂ ಒಂದೇ ಬಣ್ಣ, ಒಂದೇ ಹೊಳಪು ಇದ್ದರೆ ಬಣ್ಣ ಹಚ್ಚಿದ ಬೇರೆ ಮೆದು ಮರವೆಂದು ಅನುಮಾನಿಸಬೇಕು. ಘಮಘಮ ಪರಿಮಳವೂ ಅಸಲಿಯ ಗುರುತಲ್ಲ. ಒಣಗಿದ ತುಳಸಿ ಕಾಂಡದಲ್ಲಿ ವಾಸನೆ ತೀರಾ ಮಂದ. ಮೂಗಿಗೆ ಹೊಡೆಯುವಂತಿದ್ದರೆ ಅತ್ತರು ಸವರಿದ್ದಾರೆ ಎಂದೇ ಅರ್ಥ.

ನೀರು ತುಳಸಿಗೆ ವೈರಿ. ಕೊರಳಲ್ಲಿ ಹಾಕಿಕೊಂಡು ಸ್ನಾನ ಮಾಡುವ ಮಾಲೆ ಬೇರೆ, ಜಪದ ಮಾಲೆ ಬೇರೆ ಇರಲಿ. ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾದರೆ ಮಣಿ ಉದ್ದಕ್ಕೆ ಸೀಳುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬಾರದು, ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿಟ್ಟು ವಾರಕ್ಕೊಮ್ಮೆ ಗಾಳಿಗೆ ಹರವಿದರೆ ಸಾಕು. ಒಟ್ಟಿನಲ್ಲಿ, ನಾಮಜಪವನ್ನು ಹೊಸದಾಗಿ ಶುರು ಮಾಡುವವರಿಗೆ ನಮ್ಮ ಮೊದಲ ಆಯ್ಕೆ ಇದು.

ರುದ್ರಾಕ್ಷಿ

ಇದರ ಬಗ್ಗೆ ಹೆಚ್ಚು ಬರೆಯಬೇಕು, ಏಕೆಂದರೆ ಹೆಚ್ಚು ಮೋಸ ನಡೆಯುವುದೂ ಇಲ್ಲೇ. ಶಿವಭಕ್ತರಿಗೆ ರುದ್ರಾಕ್ಷಿ ಪ್ರಾಣ. ಲಿಂಗಾಯತರ ಅಷ್ಟಾವರಣಗಳಲ್ಲಿ ವಿಭೂತಿ, ರುದ್ರಾಕ್ಷಿ, ಮಂತ್ರ ಒಟ್ಟಿಗೇ ಬರುತ್ತವೆ. ಮಾರುಕಟ್ಟೆಗೆ ಬರುವುದರಲ್ಲಿ ಹೆಚ್ಚಿನವು ನೇಪಾಳದ್ದು ಮತ್ತು ಇಂಡೊನೇಷ್ಯಾದ್ದು. ನೇಪಾಳದ ಕಾಯಿ ದೊಡ್ಡದು, ಗೀರುಗಳು ಆಳ. ಇಂಡೊನೇಷ್ಯಾದ್ದು ಚಿಕ್ಕದು, ನುಣುಪು. ಜಪಕ್ಕೆ ಚಿಕ್ಕದೇ ಒಳ್ಳೆಯದು, 20 ಮಿ.ಮೀ.ನ ನೇಪಾಳಿ ಮಣಿ 108 ಪೋಣಿಸಿದರೆ ಎರಡು ಮೀಟರಿಗೂ ಮೀರಿದ ಮಾಲೆಯಾಗುತ್ತದೆ, ತಿರುಗಿಸುವ ಮಾತೇ ಇಲ್ಲ.

ಮುಖ ಎಂದರೆ ಬುಡದಿಂದ ತುದಿಯವರೆಗೆ ಹರಿದ ಗೀರು. ಐದು ಗೀರಿನ ಪಂಚಮುಖಿ ಎಲ್ಲಕ್ಕಿಂತ ಸಾಮಾನ್ಯ, ಅದಕ್ಕೇ ಅಗ್ಗ, ಜಪಕ್ಕೆ ಅದೇ ಸಾಕು. ಮಣಿಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿ: ಅಸಲಿಯಲ್ಲಿ ಪ್ರತಿ ಗೀರೂ ಒಂದು ತೂತಿನಿಂದ ಇನ್ನೊಂದು ತೂತಿನವರೆಗೆ ಕಡಿಯದೆ ಹರಿಯುತ್ತದೆ, ಗೀರುಗಳ ನಡುವಿನ ಮುಳ್ಳುಮುಳ್ಳು ಮೈ ಎಲ್ಲೂ ಒಂದೇ ಥರ ಇರುವುದಿಲ್ಲ. ಕೆತ್ತಿದ್ದರಲ್ಲಿ ಗೀರು ಹರಿತವಾಗಿ, ಒಂದೇ ಆಳದಲ್ಲಿ ಇರುತ್ತದೆ, ಎಲ್ಲೋ ನಡುವೆ ನಿಂತುಬಿಡುತ್ತದೆ. ಅಂಟಿಸಿದ್ದರಲ್ಲಿ ಗೀರಿನೊಳಗೆ ಮೇಣದಂಥ ಹೊಳಪು ಕಾಣುತ್ತದೆ. ಎಲ್ಲ ಮಣಿಗಳೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಆಗಿದ್ದರೆ ಅದು ಪ್ಲಾಸ್ಟಿಕ್.

ನೀರಿನಲ್ಲಿ ಮುಳುಗಿದರೆ ಅಸಲಿ, ತೇಲಿದರೆ ನಕಲಿ ಎಂಬ ಪರೀಕ್ಷೆಯನ್ನು ನಂಬಬೇಡಿ. ಮುಳುಗುವುದು ತೇಲುವುದು ಮಣಿಯೊಳಗಿನ ಗಾಳಿ, ಎಷ್ಟು ಒಣಗಿದೆ, ಎಣ್ಣೆ ಎಷ್ಟು ಹೀರಿದೆ ಎಂಬುದರ ಮೇಲೆ ಹೋಗುತ್ತದೆ. ಅಸಲಿ ಒಣ ಮಣಿ ತೇಲೀತು, ಒಳಗೆ ಸೀಸ ತುಂಬಿದ ನಕಲಿ ಮುಳುಗೀತು. ಎರಡು ತಾಮ್ರದ ನಾಣ್ಯಗಳ ನಡುವೆ ಇಟ್ಟು ತಿರುಗಿಸಿ ತೋರಿಸುವುದೂ ಅಷ್ಟೆ. ಒರಟು ಮೈಯ ಯಾವ ಬೀಜವೂ ಹಾಗೆ ತಿರುಗುತ್ತದೆ. ನಿಜವಾಗಿ ಖಚಿತಪಡಿಸುವುದು ಎಕ್ಸ್‌ರೇ: ಹೊರಗೆ ಎಷ್ಟು ಗೀರೋ ಒಳಗೆ ಅಷ್ಟೇ ಕೋಶ ಕಾಣಬೇಕು. ಅಗ್ಗದ ಪಂಚಮುಖಿಗೆ ಇಷ್ಟೆಲ್ಲ ಬೇಡ, ಯಾರೂ ಐದು ಮುಖವನ್ನು ಕಷ್ಟಪಟ್ಟು ಕೆತ್ತುವುದಿಲ್ಲ. ಅದಕ್ಕೆ ಒಂದು ಮಣಿಯನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಸಾಕು. ನೀರು ದಟ್ಟ ಬಣ್ಣಕ್ಕೆ ತಿರುಗಿದರೆ ಬಣ್ಣ ಹಾಕಿದ್ದಾರೆ, ಬೆವರಿದ ಬೆರಳಿಗೂ ಅದು ಹತ್ತುತ್ತದೆ.

ಏಕಮುಖಿ, ಅಪರೂಪದ ಮುಖಗಳ ಮಣಿಗಳಿಗೆ ಸಾವಿರಗಟ್ಟಲೆ ಕೊಡುವ ಮೊದಲು ಒಂದು ಮಾತು. ಈ ಮಣಿ ಇದ್ದರೆ ಮಾತ್ರ ಕಷ್ಟ ಕಳೆಯುತ್ತದೆ ಎಂದು ಹೇಳಿ ಮಾರಿದ ವಸ್ತು ಕೊಂಡವರ ಮನಸ್ಸಿನಲ್ಲಿ ಹೊಸ ಹೆದರಿಕೆ ಹುಟ್ಟಿಸುತ್ತದೆ: ಕಳೆದುಹೋದರೆ? ಬಿರುಕು ಬಿಟ್ಟರೆ? ಮೈಲಿಗೆಯಾದರೆ? ದೇವರನ್ನು ನಂಬಿ ನಿಶ್ಚಿಂತರಾಗಲು ಹೊರಟವರು ಒಂದು ಬೀಜವನ್ನು ಕಾಯುವ ಚಿಂತೆಗೆ ಬೀಳುತ್ತಾರೆ. ಶಿವನ ಹೆಸರಿಗೆ ಐದು ಮುಖದ ಮಣಿ ಏನೂ ಕಡಿಮೆಯಲ್ಲ.

ಬಳಕೆಯಲ್ಲಿ ರುದ್ರಾಕ್ಷಿಯ ಒರಟು ಮೈ ವರವೇ. ಕಣ್ಣು ಮುಚ್ಚಿ ಕೂತಾಗ, ನಿದ್ದೆಯ ಮಂಪರು ಇರುವಾಗ ಮಣಿ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ರಾತ್ರಿ ದಣಿದು ಬಂದು ಜಪಕ್ಕೆ ಕೂರುವವರಿಗೆ ತುಳಸಿಗಿಂತ ರುದ್ರಾಕ್ಷಿ ಎಚ್ಚರ ಉಳಿಸುತ್ತದೆ. ಮೆದು ಚರ್ಮದವರಿಗೆ ಮೊದಲ ವಾರ ಹೆಬ್ಬೆರಳು ಉರಿಯಬಹುದು. ಗೀರುಗಳಲ್ಲಿ ಬೆವರು, ಧೂಳು, ವಿಭೂತಿ ಸೇರಿ ಕೊಳೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿ, ಅಂಗೈಗೆ ಎರಡು ಹನಿ ಎಳ್ಳೆಣ್ಣೆ ಹಚ್ಚಿಕೊಂಡು ಮಾಲೆಯನ್ನು ತಿಕ್ಕಿ, ನೆರಳಿನಲ್ಲಿ ಒಂದು ರಾತ್ರಿ ಬಿಡಿ. ಎಣ್ಣೆಯಲ್ಲಿ ಅದ್ದಿಡುವುದು ಬೇಡ, ದಾರ ಎಣ್ಣೆ ಕುಡಿದು ಜಿಡ್ಡು ಧೂಳನ್ನು ಎಳೆದುಕೊಳ್ಳುತ್ತದೆ. ಸೋಪು ಸೋಕಿಸಬಾರದು. ಮಣಿಯಲ್ಲಿ ಸಣ್ಣ ತೂತು ಬಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಹಿಡಿದಿದೆ. ಆ ಮಣಿಯನ್ನು ತೆಗೆಯದಿದ್ದರೆ ಪಕ್ಕದವಕ್ಕೂ ಹೋಗುತ್ತದೆ.

ಉಳಿದವು

ಸ್ಫಟಿಕ ನೋಡಲು ಚೆಂದ, ಮುಟ್ಟಲು ತಂಪು. ದೇವಿಯ ಜಪಕ್ಕೆ ಬಳಸುವವರು ಹೆಚ್ಚು. ಆದರೆ 8 ಮಿ.ಮೀ. ಮಾಲೆ 75 ಗ್ರಾಂ ದಾಟುತ್ತದೆ, ಕೈ ತಪ್ಪಿ ಟೈಲ್ಸ್ ಮೇಲೆ ಬಿದ್ದರೆ ಒಡೆಯುತ್ತದೆ, ಕಲ್ಲಿನ ತೂತಿನ ಅಂಚು ದಾರವನ್ನು ಬೇಗ ತಿನ್ನುತ್ತದೆ. ಗಾಜನ್ನೇ ಸ್ಫಟಿಕವೆಂದು ಮಾರುವುದು ಬಹಳ. ಭೂತಗನ್ನಡಿಯಲ್ಲಿ ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ಅಸಲಿ ಸ್ಫಟಿಕ ಗಾಜಿನ ಮೇಲೆ ಗೀರು ಹಾಕುತ್ತದೆ. ಓಡಾಟದ ಬದುಕಿಗೆ ಇದು ಒಗ್ಗುವುದಿಲ್ಲ, ಮನೆಯ ಪೂಜೆಗೆ ಇರಲಿ.

ಶ್ರೀಗಂಧದ ಮಾಲೆ ಬೇಕೆಂದರೆ ರಾಜ್ಯ ಸರ್ಕಾರದ ಕಾವೇರಿ ಎಂಪೋರಿಯಂಗೆ ಹೋಗುವುದು ಕ್ಷೇಮ. ಬೀದಿಯಲ್ಲಿ ಸಿಗುವ ಅಗ್ಗದ್ದು ಪರಿಮಳ ಕುಡಿಸಿದ ಬೇರೆ ಮರ, ಕೆಲವು ವಾರಗಳಲ್ಲಿ ವಾಸನೆ ಹೋಗುತ್ತದೆ. ತಾವರೆ ಬೀಜದ ಮಾಲೆ ಲಕ್ಷ್ಮೀಜಪಕ್ಕೆ ರೂಢಿ. ಗಟ್ಟಿ, ಆದರೆ ಮಣಿಗಳ ಗಾತ್ರ ಒಂದೇ ಥರ ಸಿಗದು. ಜಪಸರ ಹಿಡಿಯುವ ಕ್ರೈಸ್ತರಿಗೂ ತಸ್ಬೀಹ್ ಹಿಡಿಯುವ ಮುಸ್ಲಿಮರಿಗೂ ಮೇಲೆ ಹೇಳಿದ ದಾರ, ತೂತು, ಗಾತ್ರದ ಮಾತು ಹಾಗೇ ಹೊಂದುತ್ತದೆ. ಜಪಸರದಲ್ಲಿ ಹತ್ತರ ಐದು ಗುಂಪು, ತಸ್ಬೀಹ್‌ನಲ್ಲಿ 33 ಅಥವಾ 99. ಗುಂಪಿನ ಗುರುತು ಕೈಗೆ ಸ್ಪಷ್ಟ ಸಿಗುವಂತಿರಬೇಕು, ಅಷ್ಟೇ.

ಬೆರಳಿಗೆ ಹಾಕುವ ಡಿಜಿಟಲ್ ಕೌಂಟರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಒಂದು ಅಂಕಿ ಏರುತ್ತದೆ. ಲಕ್ಷ ಜಪದ ಸಂಕಲ್ಪ ಮಾಡಿದವರಿಗೆ, ವಾಕಿಂಗ್ ಹೋಗುತ್ತಾ ಜಪಿಸುವವರಿಗೆ, ಮಣಿ ಹಿಡಿಯಲಾಗದಷ್ಟು ಕೈ ನಡುಗುವವರಿಗೆ ಇದು ಉಪಕಾರಿ. ಗುಂಡಿ ಸವೆದ ಮೇಲೆ ಒಂದು ಒತ್ತಿಗೆ ಎರಡು ಏರುವುದು, ಸೆಲ್ ಮುಗಿದು ಅಂಕಿಯೆಲ್ಲ ಅಳಿಸುವುದು, ರೀಸೆಟ್ ಗುಂಡಿ ತಿಳಿಯದೆ ಒತ್ತಿಹೋಗುವುದು ಮಾಮೂಲು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಅಂಕಿ ಕಣ್ಣಿಗೆ ಬೀಳುತ್ತದೆ. 743 ಎಂದು ಕಂಡ ಮೇಲೆ 1000 ಯಾವಾಗ ಎಂಬ ಯೋಚನೆ ತಡೆಯಲಾಗದು. ಮಾಲೆಯಲ್ಲಿ ನಡುವೆ ಎಲ್ಲಿದ್ದೇವೆಂದು ತಿಳಿಯುವುದೇ ಇಲ್ಲ, ಸುಮೇರು ಬಂದಾಗಷ್ಟೇ ಒಂದು ಸುತ್ತು ಮುಗಿಯಿತೆಂದು ಗೊತ್ತು. ಆ ತಿಳಿಯದಿರುವುದರಲ್ಲೇ ವಿಶ್ರಾಂತಿಯಿದೆ. ಫೋನಿನ ಆ್ಯಪ್‌ನಲ್ಲಿ ಈ ಕೊರತೆಯ ಜೊತೆಗೆ ಬ್ಯಾಂಕಿನ ಒಟಿಪಿ, ಆಫೀಸಿನ ಗುಂಪಿನ ಸಂದೇಶ, ಮಿಸ್ಡ್ ಕಾಲ್ ಎಲ್ಲವೂ ಅದೇ ಪರದೆಯ ಮೇಲೆ ಬರುತ್ತವೆ.

ಕಾಸು ಖರ್ಚಿಲ್ಲದ್ದು ಕರಮಾಲೆ, ಅಂದರೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿನಿಂದ ಎಣಿಸುವುದು. ಬಲಗೈಯ ಉಂಗುರ ಬೆರಳಿನ ನಡುಗೆಣ್ಣಿನಿಂದ ಶುರು: ಅದು ಒಂದು, ಅದರ ಬುಡ ಎರಡು, ಕಿರುಬೆರಳ ಬುಡ, ನಡು, ತುದಿ ಮೂರು ನಾಲ್ಕು ಐದು, ಉಂಗುರ ಬೆರಳ ತುದಿ ಆರು, ನಡುಬೆರಳ ತುದಿ ಏಳು, ತೋರುಬೆರಳ ತುದಿ, ನಡು, ಬುಡ ಎಂಟು ಒಂಬತ್ತು ಹತ್ತು. ನಡುಬೆರಳಿನ ಉಳಿದ ಎರಡು ಗೆಣ್ಣು ಮೇರು, ಅವನ್ನು ಮುಟ್ಟುವುದಿಲ್ಲ. ಹತ್ತು ಸುತ್ತನ್ನು ಎಡಗೈಯಲ್ಲಿ ಲೆಕ್ಕವಿಟ್ಟರೆ ನೂರು. ನೂರರ ಮೇಲಿನ ಎಂಟಕ್ಕೆ ಉಂಗುರ ಬೆರಳ ಬುಡದಿಂದ ತೋರುಬೆರಳ ನಡುವಿನವರೆಗೆ. ಸಂಧ್ಯಾವಂದನೆ ಮಾಡುವವರಿಗೆ ಇದು ಚಿರಪರಿಚಿತ. ಮೀಟಿಂಗ್ ಶುರುವಾಗುವ ಮೊದಲಿನ ಎರಡು ನಿಮಿಷಕ್ಕೆ, ಆಸ್ಪತ್ರೆಯ ಬೆಂಚಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಕೈಯಲ್ಲಿ ಹಿಡಿದ ಮೇಲೆ

ಮಾಲೆಯನ್ನು ಬಲಗೈಯ ನಡುಬೆರಳ ಮೇಲೆ ಹಾಕಿ, ಹೆಬ್ಬೆರಳಿನಿಂದ ಮಣಿಯನ್ನು ತನ್ನ ಕಡೆಗೆ ಎಳೆಯಬೇಕು. ತೋರುಬೆರಳು ದೂರ ಚಾಚಿರಲಿ, ಮಣಿಗೆ ತಾಗಬಾರದು. ಸುಮೇರುವಿನ ಪಕ್ಕದ ಮಣಿಯಿಂದ ಆರಂಭ. ಒಂದು ಮಣಿಗೆ ಒಂದು ಮಂತ್ರ ಪೂರ್ತಿ ಮುಗಿದ ಮೇಲೆಯೇ ಮುಂದಿನದು. ಸುಮೇರು ಸಿಕ್ಕಾಗ ದಾಟದೆ ಮಾಲೆಯನ್ನು ತಿರುವಿ ಬಂದ ದಾರಿಯಲ್ಲೇ ಹಿಂದಿರುಗುವುದು. ಈ ತಿರುವು ಒಂದೇ ಕೈಯಲ್ಲಿ ಮೊದಲಿಗೆ ಬರುವುದಿಲ್ಲ. ಎಡಗೈ ಸಹಾಯದಿಂದ ಮಾಡಿ, ವಾರದಲ್ಲಿ ಕೈಗೆ ಕೂರುತ್ತದೆ. ಗೋಮುಖಿ ಕೊಳ್ಳುವುದಾದರೆ ಒಳಗೆ ಮುಷ್ಟಿ ಸಲೀಸಾಗಿ ತಿರುಗುವಷ್ಟು ಅಗಲ, ತೋರುಬೆರಳು ಹೊರಗಿಡಲು ಬೇರೆ ಕಿಂಡಿ, ಒಳಹೊಲಿಗೆಯಲ್ಲಿ ದಾರ ಸಿಕ್ಕದಂತಿದೆಯೇ ನೋಡಿ. ಜರಿ ಕಸೂತಿಯ ಹಿಂಬದಿ ಒಳಗೆ ಬಂದಿರುವ ಚೀಲದಲ್ಲಿ ಗಂಟುಗಳು ಸಿಕ್ಕಿ ಸಿಕ್ಕಿ ಜಪವೇ ನಿಲ್ಲುತ್ತದೆ.

ಸಮಯದ ಅಂದಾಜು ಗೊತ್ತಿದ್ದರೆ ಮನಸ್ಸಿಗೆ ನೆಮ್ಮದಿ. ಅವಸರವಿಲ್ಲದೆ ‘ಓಂ ನಮಃ ಶಿವಾಯ’ 108ಕ್ಕೆ ನಾಲ್ಕು ನಿಮಿಷದೊಳಗೆ. ‘ಶ್ರೀ ರಾಮ ಜಯ ರಾಮ ಜಯ ಜಯ ರಾಮ’ ಐದಾರು ನಿಮಿಷ. ಹರೇ ಕೃಷ್ಣ ಮಹಾಮಂತ್ರ ಏಳೆಂಟು ನಿಮಿಷ; ಇಸ್ಕಾನ್ ದೀಕ್ಷೆಯವರು ದಿನಕ್ಕೆ 16 ಮಾಲೆ ಮಾಡುತ್ತಾರೆ, ಅದು ಎರಡು ಗಂಟೆಯ ಮಾತು. ಗಾಯತ್ರಿ 108ಕ್ಕೆ ಕಾಲು ಗಂಟೆಗೂ ಮೇಲೆ; ಸಮಯವಿಲ್ಲದ ದಿನಕ್ಕೆ 28 ಅಥವಾ 10 ಎಂದು ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ದೀಕ್ಷೆ ಬೇಕಾದ ಮಂತ್ರಗಳನ್ನು ಗುರುವಿಲ್ಲದೆ ಹಿಡಿಯಬೇಡಿ, ದೇವರ ನಾಮಕ್ಕೆ ಆ ಕಟ್ಟಳೆಯಿಲ್ಲ.

ಕೆಲಸದವರಿಗೆ ನಾವು ಹೇಳುವ ಕ್ರಮ ಹೀಗೆ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಒಂದು ಮಾಲೆ. ಮೊದಲ ಒಂದು ತಿಂಗಳು ಒಂದೇ, ಹೆಚ್ಚು ಬೇಡ; ಉತ್ಸಾಹದಲ್ಲಿ ಐದು ಮಾಲೆ ಹಿಡಿದವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಎಲ್ಲವನ್ನೂ ಬಿಡುತ್ತಾರೆ. ಆ ತಿಂಗಳು ಕಳೆದ ಮೇಲೆ ಬಸ್ಸು, ಮೆಟ್ರೊದಲ್ಲಿ ಕೂತಾಗ 27ರ ಮಾಲೆ, ನಾಲ್ಕು ಸುತ್ತು ಸೇರಿದರೆ 108. ಸ್ಕೂಟರ್, ಕಾರು ನಡೆಸುವಾಗ ಕೈಯಲ್ಲಿ ಮಾಲೆ ಬೇಡ, ಬಾಯಲ್ಲಿ ಹೆಸರಿದ್ದರೆ ಸಾಕು. ರಾತ್ರಿ ಮಲಗುವ ಮುಂಚೆ ಕೂತು, ಹಾಸಿಗೆಯ ಮೇಲೆ ಒರಗದೆ, ಇನ್ನೊಂದು.

ಕೆಡುವುದು ಎಲ್ಲಿ? ಹೆಚ್ಚಾಗಿ ವೇಗದಲ್ಲಿ. ಬಸ್ಸು ತಪ್ಪುತ್ತದೆಂಬ ಆತುರದಲ್ಲಿ ಅಕ್ಷರ ನುಂಗುತ್ತಾ ‘ರಾಮ’ ಬರೀ ಗುನುಗಾಗುತ್ತದೆ. ಅಂಥ ದಿನ ಮಾಲೆ ಪೂರ್ತಿ ಮಾಡುವ ಹಟ ಬಿಟ್ಟು, ತುಟಿ ಆಡುವಂತೆ ಮೆಲುದನಿಯಲ್ಲಿ 27 ಹೇಳಿ ಎದ್ದರೆ ಮೇಲು. ತೂಕಡಿಕೆ ಬಂದರೆ ಮನಸ್ಸಿನೊಳಗಿನ ಜಪ ಬಿಟ್ಟು ಗಟ್ಟಿಯಾಗಿ ಹೇಳಬೇಕು. ಮನಸ್ಸು ಅಲೆದರೆ ಬೇಸರ ಬೇಡ. ಗೀತೆಯ 6ನೇ ಅಧ್ಯಾಯದ 26ನೇ ಶ್ಲೋಕ ಹೇಳುವುದು ಅದನ್ನೇ, ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ಕರೆತರುವುದು. ಪ್ರತಿ ಗಂಟೂ ಹಾಗೆ ಕರೆತರುವ ಒಂದು ಅವಕಾಶ, ಒಂದು ಮಾಲೆಯಲ್ಲಿ ನೂರೆಂಟು ಸಲ.

ಸುಮೇರು ಬಂದಾಗ ಕೂಡಲೇ ಮಾಲೆ ತಿರುವಬೇಡಿ. ಒಂದು ಉಸಿರಿನಷ್ಟು ಹೊತ್ತು ಬೆರಳು ಅಲ್ಲೇ ನಿಲ್ಲಲಿ. ಆ ದಿನ ತಲೆ ತಿನ್ನುತ್ತಿರುವ ಒಂದೇ ಒಂದು ಚಿಂತೆಯನ್ನು, ಮಗನ ಪರೀಕ್ಷೆಯೋ ಅಮ್ಮನ ರಿಪೋರ್ಟೋ ಮನೆಯ ಸಾಲದ ಕಂತೋ, ಹೆಸರಿಟ್ಟು ದೇವರ ಮುಂದೆ ಇಡಿ. ಇದನ್ನು ಹೀಗೆ ಮಾಡಿಕೊಡು ಎಂದು ಕೇಳುವುದೂ ಬೇಡ, ಇದು ನಿನ್ನದು ಎಂದರೆ ಸಾಕು. ಕೊನೆಗೆ ‘ಕೃಷ್ಣಾರ್ಪಣಮಸ್ತು’ ಎಂದೋ ‘ಶಿವಾರ್ಪಣಮಸ್ತು’ ಎಂದೋ ಹೇಳಿ ಏಳುವುದು ನಮ್ಮ ಮನೆಗಳ ಹಳೆಯ ವಾಡಿಕೆ. 108 ಹೇಳಿದರೂ ಲೆಕ್ಕಕ್ಕೆ ನೂರನ್ನೇ ಹಿಡಿದು, ಎಂಟನ್ನು ತಪ್ಪಿಹೋದದ್ದಕ್ಕೆ ಬಿಡುವ ಪದ್ಧತಿಯೂ ಹಲವೆಡೆ ಇದೆ. ತಪ್ಪಿಗೆ ಮೊದಲೇ ಜಾಗವಿಟ್ಟ ಸಾಧನ ಇದು ಎಂದು ತಿಳಿದರೆ ಅರ್ಧ ಆತಂಕ ಇಳಿಯುತ್ತದೆ.

ಎಲ್ಲಿ ಕೊಳ್ಳಬೇಕು, ಹೇಗೆ ಪೋಣಿಸಬೇಕು

ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಉಡುಪಿಯ ರಥಬೀದಿ, ಗೋಕರ್ಣದ ತೇರುಬೀದಿ, ಬೆಂಗಳೂರಿನ ಮಲ್ಲೇಶ್ವರ, ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ತುಳಸಿ, ರುದ್ರಾಕ್ಷಿ ಎರಡೂ ಸಿಗುತ್ತವೆ. ಜಾತ್ರೆಯ ದಿನ ಕೊಳ್ಳಬೇಡಿ, ನಿಂತು ಗಂಟು ನೋಡಲು ಬಿಡುವಿರುವುದಿಲ್ಲ. ಆನ್‌ಲೈನ್ ಆದರೆ ಗಂಟು ಕಾಣುವಂತೆ ಹತ್ತಿರದಿಂದ ತೆಗೆದ ಫೋಟೊ, ಮಣಿಯ ಗಾತ್ರ ಮಿ.ಮೀ.ನಲ್ಲಿ, ವಾಪಸು ಕೊಡುವ ಅವಕಾಶ, ಈ ಮೂರೂ ಇದ್ದರೆ ಮಾತ್ರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವ ಕನ್ನಡಿಗರು ಮರ, ಬೀಜದ ಮಾಲೆಯನ್ನು ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಬೇಕು. ಅಲ್ಲಿನ ಜೈವಿಕ ಸುರಕ್ಷತೆಯ ಕಾನೂನು ಕಟ್ಟುನಿಟ್ಟು. ಹುಳ ಹಿಡಿದ ಮಣಿ ಇದ್ದರೆ ಉಳಿಯುವುದಿಲ್ಲ.

ದಾರ ಸವೆದಾಗ ಮನೆಯಲ್ಲೇ ಪೋಣಿಸಬಹುದು. 8 ಮಿ.ಮೀ. ಮಾಲೆಗೆ ಮೂರು ಮೀಟರ್ ದಾರ ತೆಗೆದುಕೊಳ್ಳಿ; ಮಣಿಗಳಿಗೆ ಸುಮಾರು 86 ಸೆಂ.ಮೀ. ಹೋದರೆ ಗಂಟುಗಳು ಅದಕ್ಕಿಂತ ಹೆಚ್ಚು ತಿನ್ನುತ್ತವೆ, ಕುಚ್ಚಿಗೂ ಉಳಿಯಬೇಕು. ಎರಡೂವರೆ ಸುತ್ತಿನ ಬ್ರಹ್ಮಗಂಟು ಹಾಕುವುದಾದರೆ ಇನ್ನೂ ಒಂದು ಮೀಟರ್ ಜಾಸ್ತಿ. ದಾರದ ತುದಿಯನ್ನು ಜೇನುಮೇಣದಲ್ಲಿ ಅದ್ದಿ ಹುರಿಗೊಳಿಸಿದರೆ ಸೂಜಿಯೇ ಬೇಡ. ಗಂಟನ್ನು ಸಡಿಲವಾಗಿ ಹಾಕಿ, ಅದರೊಳಗೆ ದಬ್ಬಳದ ಮೊನೆ ತೂರಿಸಿ ಮಣಿಯ ಬುಡದವರೆಗೆ ಸರಿಸಿ, ಆಮೇಲೆ ದಬ್ಬಳ ತೆಗೆದು ಬಿಗಿಯಿರಿ. ಇಲ್ಲದಿದ್ದರೆ ಗಂಟು ಎಲ್ಲೆಲ್ಲೋ ಕೂತು ಮಣಿಗಳ ನಡುವೆ ಅಂತರ ಹೆಚ್ಚುಕಡಿಮೆಯಾಗುತ್ತದೆ. ಕೊನೆಗೆ ಎರಡೂ ತುದಿಗಳನ್ನು ಸುಮೇರುವಿನಲ್ಲಿ ಒಟ್ಟಿಗೆ ತೂರಿಸಿ ಗಂಟು ಹಾಕುವುದು. ಮೊದಲು ಸವೆಯುವುದು ಸುಮೇರುವಿನ ಪಕ್ಕದ ದಾರವೇ, ಪ್ರತಿ ಸುತ್ತಿಗೂ ಅಲ್ಲಿ ಮಾಲೆ ತಿರುವುವುದರಿಂದ. ತಿಂಗಳಿಗೊಮ್ಮೆ ಆ ಜಾಗ ನೋಡಿ, ನಾರು ಎದ್ದಿದ್ದರೆ ಕಡಿಯುವವರೆಗೆ ಕಾಯಬೇಡಿ.

ಒಡೆದ, ಸೀಳಿದ ಮಣಿಗಳನ್ನು ಹೊಳೆಗೆ ಹಾಕುವ ಬದಲು ಮನೆಯ ತುಳಸಿಕಟ್ಟೆಯ ಮಣ್ಣಿನಲ್ಲಿ ಹೂಳಬಹುದು. ತುಳಸಿ, ರುದ್ರಾಕ್ಷಿ ಎರಡೂ ಮಣ್ಣಾಗುತ್ತವೆ. ನೈಲಾನ್ ದಾರವಿದ್ದರೆ ಮೊದಲು ಬಿಡಿಸಿ ತೆಗೆಯಿರಿ.